ಸೊನ್ನಲಿಗೆಯಲ್ಲಿ ಹಬೆಯ ನೂಲು

ಕೇಳುಗರೇ, ನಮಸ್ಕಾರ.

ಅಕ್ಕಲಕೋಟೆ ಕಡೆಯಿಂದ ಸೊಲ್ಲಾಪುರಕ್ಕೆ ಸೊಸೆಯಾಗಿ ಬಂದ ನಮ್ಮ ಅಜ್ಜಿ ಗಡಿಯಾರ ನೋಡಿ ಒಲೆ ಹೊತ್ತಿಸಿದವರಲ್ಲ. ಗಿರಣಿಯ ಭೋಂಗಾ ಕೂಗಿತೆಂದರೆ ರೊಟ್ಟಿ ಬಡಿಯಲು ಕೂರುತ್ತಿದ್ದರು. ಅಜ್ಜ ನೂಲುವ ಖಾತೆಯಲ್ಲಿದ್ದರು. ಊರು ‘ಜುನಿ ಮಿಲ್’ ಎಂದು ಕರೆದ ಆ ಹಳೆಯ ಗಿರಣಿಯ ಕಥೆ ಇಂದಿನದು.

ಮುಂಬಯಿಯ ವರ್ತಕ ಮೊರಾರ್ಜಿ ಗೋಕುಳದಾಸರು ಸ್ಥಾಪಿಸಿದ ಈ ಗಿರಣಿ 1877ರಲ್ಲಿ ಕೆಲಸ ಆರಂಭಿಸಿತು. ಸಿದ್ಧರಾಮರ ಸೊನ್ನಲಿಗೆ ಎಂದರೆ ಇದೇ ಸೊಲ್ಲಾಪುರ; ಅದರ ಸುತ್ತ ಎರೆಹೊಲದ ಹತ್ತಿಯಿತ್ತು. 1860ರಲ್ಲೇ ರೈಲು ಬಂದಿತ್ತು. ಆದರೆ ಗಿರಣಿ ಶುರುವಾದದ್ದು ಧಾತು, ಈಶ್ವರ ಸಂವತ್ಸರಗಳ ಘೋರ ಬರದ ಕಾಲದಲ್ಲಿ. ಹಳ್ಳಿಗಳಲ್ಲಿ ಒಲೆ ಆರಿದ್ದಾಗ ಇಲ್ಲಿ ಬಾಯ್ಲರ್ ಹೊತ್ತಿಕೊಂಡಿತು.

ಬಾಯ್ಲರಿನ ಹಬೆ ಇಂಜಿನ್ನಿನ ಪಿಸ್ಟನ್ ತಳ್ಳಬೇಕು, ಭಾರಿ ಚಕ್ರ ತಿರುಗಬೇಕು. ಆ ಸುತ್ತು ಛಾವಣಿಯಡಿಯ ಉದ್ದನೆಯ ಶಾಫ್ಟಿಗೆ, ಅಲ್ಲಿಂದ ಪಟ್ಟಿಗಳ ಮೂಲಕ ಒಂದೊಂದು ಯಂತ್ರಕ್ಕೂ ಇಳಿಯಬೇಕು. ಅರಳೆಯ ಕಸ ಬಿಡಿಸುವುದು, ಬಾಚುವುದು, ಎಳೆಯುವುದು, ಹುರಿಗೊಳಿಸಿ ಕದಿರಿಗೆ ಸುತ್ತುವುದು ಎಲ್ಲವೂ ಯಂತ್ರದ್ದೇ. ಎಳೆ ಹರಿದಾಗ ಮಾತ್ರ ಬೆರಳೇ ಬೇಕು. ಒಣಗಾಳಿಗೆ ಎಳೆ ಬೇಗ ಹರಿಯುವುದರಿಂದ ಒಳಗೆ ತೇವ ಹಿಡಿದಿಡುತ್ತಿದ್ದರು. ಸೊಲ್ಲಾಪುರದ ಬೇಸಿಗೆ, ಆ ತೇವದ ಸೆಕೆ, ಮೂಗಿಗೇರುವ ಅರಳೆಯ ಧೂಳು! ಗಿರಣಿಯ ಚರಿತ್ರೆಯನ್ನು ಮಾಲೀಕರ ಹೆಸರಿನಿಂದ ಬರೆಯುವವರು ಆ ಖಾತೆಯಲ್ಲಿ ಒಂದು ಪಾಳಿ ನಿಂತು ನೋಡಬೇಕಿತ್ತು.

ಗಿರಣಿಯಿಂದ ಕೈಮಗ್ಗವೇ ಹಾಳಾಯಿತು ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಮೂಲೆ ಸೇರಿದ್ದು ರಾಟೆ. ಗಿರಣಿಯ ನೂಲು ಸಿಕ್ಕಿದ್ದರಿಂದಲೇ ಈ ಊರಿನ ಪದ್ಮಶಾಲಿ ನೇಕಾರರ ಮಗ್ಗಗಳು ಬಾಳಿದವು. ಆದರೆ ರಾಟೆಯಿಂದ ನಾಲ್ಕು ಕಾಸು ಕಾಣುತ್ತಿದ್ದ ಹೆಂಗಸರ ಸಂಪಾದನೆಗೆ ಕಲ್ಲು ಬಿತ್ತು. ಆ ನಷ್ಟವನ್ನು ಯಾವ ಕಂಪನಿಯ ಲೆಕ್ಕಪುಸ್ತಕವೂ ಬರೆದಿಡಲಿಲ್ಲ.

1949ರ ಆಗಸ್ಟಿನಲ್ಲಿ ಗಿರಣಿ ಮುಚ್ಚಿತು, ಕಾರ್ಮಿಕರು ಬೀದಿಗೆ ಬಿದ್ದರು. ಮರುವರ್ಷ ಸರ್ಕಾರ ಈ ಒಂದೇ ಗಿರಣಿಗೆಂದು ವಿಶೇಷ ಕಾನೂನು ತಂದು ಆಡಳಿತ ವಹಿಸಿಕೊಂಡಾಗ ಷೇರುದಾರ ಚಿರಂಜೀತ್ ಲಾಲ್ ಚೌಧರಿ ಸುಪ್ರೀಂ ಕೋರ್ಟಿಗೆ ಹೋದರು. 1950ರ ಡಿಸೆಂಬರ್ 4ರಂದು ಬಹುಮತದ ತೀರ್ಪು ಕಾನೂನಿನ ಪರ ಬಂತು. ಸಮಾನತೆಯ ಹಕ್ಕಿನ ಪಾಠದಲ್ಲಿ ಕಾನೂನು ವಿದ್ಯಾರ್ಥಿಗಳು ಇದನ್ನು ಇಂದಿಗೂ ಓದುತ್ತಾರೆ.

ಕೆಲಸ ಬಿಟ್ಟ ಮೇಲೆ ಅಜ್ಜ ಸಂಜೆ ಸಿದ್ಧೇಶ್ವರನ ದೀಪಕ್ಕೆ ಬತ್ತಿ ಹೊಸೆಯುತ್ತಿದ್ದರು. ಬತ್ತಿ ನಡುವೆ ತುಂಡಾದರೆ ಎಸೆಯುತ್ತಿರಲಿಲ್ಲ, ಗಂಟನ್ನೂ ಹಾಕುತ್ತಿರಲಿಲ್ಲ. ಎರಡು ತುದಿಗಳನ್ನು ಒಂದರ ಮೇಲೊಂದಿಟ್ಟು ಹೆಬ್ಬೆರಳಿನಿಂದ ಒಮ್ಮೆ ಉಜ್ಜಿದರೆ ಸಾಕು, ಹರಿದದ್ದೆಲ್ಲಿ ಎಂದು ನನಗೆ ಗುರುತೇ ಸಿಗುತ್ತಿರಲಿಲ್ಲ.