ಖಾಲಿ ರಸ್ತೆಯಲ್ಲಿ 50 ಯಾಕೆ? ಇಂಗ್ಲೆಂಡಿನ ಮೋಟಾರ್‌ವೇ ಡ್ರೈವರ್‌ಗಳ ಜೊತೆ ಮಾತು

ಮೇಲೆ ಗ್ಯಾಂಟ್ರಿ ನೋಡಿ, ರಸ್ತೆಗೆ ಅಡ್ಡಲಾಗಿ ಬೋರ್ಡು ಹೊತ್ತು ನಿಂತ ಚೌಕಟ್ಟು. ಎಲ್ಲಾ ಲೇನ್‌ಗಳಿಗೂ 50 ಅಂತ ಹೊಳೆಯುತ್ತಿದೆ, ಸುತ್ತ ಕೆಂಪು ಉಂಗುರ. ಇಲ್ಲಿ ಲೆಕ್ಕ ಮೈಲಿಯಲ್ಲಿ. ಅಂದರೆ ಗಂಟೆಗೆ 80 ಕಿಲೋಮೀಟರ್. ಮೋಟಾರ್‌ವೇ ಅಂದರೆ ಇಲ್ಲಿನ ಎಕ್ಸ್‌ಪ್ರೆಸ್‌ವೇ, ಅಲ್ಲಿ ಮಾಮೂಲಿ ಮಿತಿ 70 ಮೈಲಿ, ಸುಮಾರು 112 ಕಿಲೋಮೀಟರ್. ಮುಂದೆ ರಸ್ತೆ ಆರಾಮಾಗಿ ಖಾಲಿ ಇದೆ.

ಪಕ್ಕದಲ್ಲಿ ಕೂತಿರುವವರು ನಮ್ಮ ಭಾವ, ಮಂಡ್ಯದಿಂದ ಬಂದಿದ್ದಾರೆ. "ಏನಪ್ಪಾ, ರೋಡು ಖಾಲಿ ಐತೆ. ಐವತ್ತರಲ್ಲೇ ಹೋಗು ಅಂತಾವಲ್ಲ ಇವು?" ಅಂದರು.

ಇಲ್ಲಿ ದಿನಾ ಗಾಡಿ ಓಡಿಸುವವರು ಕೇಳುವುದೂ ಇದನ್ನೇ. ಸ್ಲೌನಿಂದ ಬರ್ಮಿಂಗ್‌ಹ್ಯಾಮ್‌ಗೆ ಹೊರಟಿದ್ದೇವೆ. ಈ ದಾರಿಗೆ ಒಂದು ವಿಶೇಷ ಇದೆ. ಈಗ ನಾವಿರುವುದು ಲಂಡನ್ ಸುತ್ತುವ ಎಂ25 ಮೋಟಾರ್‌ವೇಯ ಪಶ್ಚಿಮ ಭಾಗ. ಬದಲಾಗುವ ವೇಗಮಿತಿ ಈ ದೇಶದಲ್ಲಿ ಶುರುವಾಗಿದ್ದೇ ಇಲ್ಲಿ, 1995ರಲ್ಲಿ. ಮುಂದೆ ಎಂ40 ಮುಗಿದು ಎಂ42 ಸೇರುವ ಕಡೆ ಇನ್ನೊಂದು ಪ್ರಯೋಗ ನಡೆಯಿತು, 2006ರಲ್ಲಿ. ಅದಕ್ಕೆ ಆಮೇಲೆ ಬರುತ್ತೇನೆ.

ಭಾವನ ಪ್ರಶ್ನೆಗೆ ಉತ್ತರ ಏನು ಅಂದರೆ, ಆ 50 ನಮ್ಮ ಎದುರಿಗಿರುವ ರಸ್ತೆಗೆ ಬಂದದ್ದಲ್ಲ. ಇನ್ನೂ ಮುಂದೆ, ಕಣ್ಣಿಗೆ ಕಾಣದ ಕಡೆ, ಗಾಡಿಗಳು ಒತ್ತೊತ್ತಾಗುತ್ತಿವೆ. ರಸ್ತೆಯೊಳಗೆ ಹೂತಿಟ್ಟ ತಂತಿ ಸುರುಳಿಗಳು ಎಷ್ಟು ಗಾಡಿ, ಎಷ್ಟು ವೇಗ ಅಂತ ಎಣಿಸುತ್ತಲೇ ಇರುತ್ತವೆ. ಸಾಲು ಕಟ್ಟುವ ಲಕ್ಷಣ ಕಂಡರೆ ಕಂಪ್ಯೂಟರ್ ಹಿಂದಿನ ಗ್ಯಾಂಟ್ರಿಗಳಲ್ಲಿ ಮೊದಲೇ ವೇಗ ಇಳಿಸುತ್ತದೆ. ಎಲ್ಲರೂ 70ರಲ್ಲಿ ಬಂದು ಒಂದೇ ಸಲ ಬ್ರೇಕ್ ಒತ್ತುವುದು ತಪ್ಪುತ್ತದೆ.

ಬರೀ ಬ್ರೇಕ್‌ನಿಂದಲೇ ಟ್ರಾಫಿಕ್ ಜಾಮ್ ಆಗುತ್ತಾ? ಆಗುತ್ತದೆ. ಜಪಾನಿನಲ್ಲಿ ಇದನ್ನು ಮಾಡಿಯೇ ನೋಡಿದ್ದಾರೆ, ಫಲಿತಾಂಶ 2008ರಲ್ಲಿ ಪ್ರಕಟವಾಯಿತು. 230 ಮೀಟರ್ ಸುತ್ತಳತೆಯ ವೃತ್ತದಲ್ಲಿ 22 ಕಾರು ಬಿಟ್ಟು, ಎಲ್ಲರೂ 30 ಕಿಲೋಮೀಟರ್ ವೇಗದಲ್ಲೇ ಹೋಗಿ ಅಂದರು. ಸಿಗ್ನಲ್ ಇಲ್ಲ, ಅಪಘಾತ ಇಲ್ಲ, ರಸ್ತೆ ಕಿರಿದೂ ಆಗಿಲ್ಲ. ಆದರೂ ಸ್ವಲ್ಪ ಹೊತ್ತಿಗೆ ಕೆಲವು ಕಾರು ಪೂರ್ತಿ ನಿಂತವು. ಒಬ್ಬರು ಚೂರು ನಿಧಾನ ಮಾಡಿದರೆ ಹಿಂದಿನವರು ಇನ್ನೂ ಜಾಸ್ತಿ ನಿಧಾನ ಮಾಡುತ್ತಾರೆ, ಅವರ ಹಿಂದಿನವರು ನಿಂತೇಬಿಡುತ್ತಾರೆ. ಆ ನಿಲುಗಡೆ ಅಲೆಯ ಹಾಗೆ ಹಿಂದಕ್ಕೆ ಹೋಗುತ್ತಲೇ ಇರುತ್ತದೆ.

ಇದನ್ನು ಕೇಳಿ ಭಾವ ಹೇಳಿದ್ದು ನನಗೆ ಬಹಳ ಇಷ್ಟವಾಯಿತು. "ಆಲೆಮನೇಲಿ ಗಾಣಕ್ಕೆ ಒಂದೇ ಸಲ ಜಲ್ಲೆ ತುರುಕಿದ್ರೆ ಗಾಣ ಸಿಗಾಕ್ಕಂತದೆ. ಒಂದೊಂದೇ ಕೊಟ್ರೆ ಬಿರ‍್ರನೆ ಮುಗೀತದೆ."

ಇದು ವಾರ್ವಿಕ್ ಸರ್ವಿಸಸ್, ಎಂ40 ಪಕ್ಕದಲ್ಲಿ ಗಾಡಿ ನಿಲ್ಲಿಸಿ ದಣಿವಾರಿಸಿಕೊಳ್ಳುವ ಜಾಗ. ಕಾಫಿ ಕುಡಿಯುತ್ತಾ ಕೆಲವರನ್ನು ಮಾತಾಡಿಸಿದೆ. ಕ್ಯಾಮರಾ ಮುಂದೆ ಬರಲು ಯಾರೂ ಒಪ್ಪಲಿಲ್ಲ, ಹಾಗಾಗಿ ಅವರ ಮಾತು ನನ್ನ ದನಿಯಲ್ಲಿ ಕೇಳಿ.

ಏರ್‌ಪೋರ್ಟ್ ಟ್ಯಾಕ್ಸಿ ಓಡಿಸುವವರೊಬ್ಬರಿಗೆ ವೇಗಮಿತಿ ಮೀರಿದವರನ್ನು ಹಿಡಿಯುವ ರಸ್ತೆಯ ಕ್ಯಾಮರಾ ಅಂದರೇ ಸಿಟ್ಟು. ದುಡ್ಡು ಮಾಡುವ ಯಂತ್ರ ಅಂದರು. ನನಗೆ ಹಾಗನ್ನಿಸುವುದಿಲ್ಲ. ದಂಡ ಶುರುವಾಗುವುದು 100 ಪೌಂಡ್‌ನಿಂದ, ಅದು ಸರ್ಕಾರದ ಖಜಾನೆಗೆ ಹೋಗುತ್ತದೆ, ದಂಡ ಹಾಕುವ ಪೊಲೀಸರ ಕೈಗಲ್ಲ. ಆದರೆ ಅವರ ಭಯ ಮಾತ್ರ ನಿಜವಾದದ್ದು. ದಂಡದ ಜೊತೆ ಲೈಸೆನ್ಸ್ ಮೇಲೆ 3 ಪಾಯಿಂಟ್ ಬೀಳುತ್ತದೆ. ಮೂರು ವರ್ಷದೊಳಗೆ 12 ಆದರೆ ಲೈಸೆನ್ಸೇ ಹೋಗಬಹುದು. ಸ್ಟೀರಿಂಗ್ ನಂಬಿ ಸಂಸಾರ ನಡೆಸುವವರಿಗೆ ಅದು ಸಣ್ಣ ಮಾತಾ? ಸ್ವಲ್ಪದರಲ್ಲಿ ಮೀರಿದವರಿಗೆ ಪಾಯಿಂಟ್ ಬದಲು ವೇಗದ ಅಪಾಯ ತಿಳಿಸುವ ತರಗತಿಗೆ ಹೋಗುವ ಅವಕಾಶ ಕೊಡುತ್ತಾರೆ. ಅದಕ್ಕೂ ದುಡ್ಡು ಕಟ್ಟಬೇಕು.

ಲಾರಿ ಓಡಿಸುವವರೊಬ್ಬರು ಬೇರೆಯದೇ ಹೇಳಿದರು. ದೊಡ್ಡ ಲಾರಿಗಳಿಗೆ ಇಲ್ಲಿ ಲಿಮಿಟರ್ ಇರುತ್ತದೆ, 56 ಮೈಲಿ ದಾಟುವುದೇ ಇಲ್ಲ. "ಬೋರ್ಡಿನಲ್ಲಿ 60 ಬಂದ ದಿನ ನನಗೆ ನೆಮ್ಮದಿ. ಕಾರುಗಳೂ ನನ್ನ ವೇಗಕ್ಕೆ ಬರುತ್ತವೆ, ನನ್ನ ಮುಂದೆ ನುಗ್ಗುವವರು ಕಡಿಮೆ" ಅಂದರು. ಅವರ ಕಷ್ಟ ಬೇರೆ: ರಸ್ತೆಯ ಎಡ ಅಂಚಿನ ಲೇನ್.

ಎಂ42ರ ಪ್ರಯೋಗ ಅಂದೆನಲ್ಲ, ಅದು ಇದೇ. ಮೊದಲು ಮೋಟಾರ್‌ವೇ ಎಡಗಡೆ ಒಂದು ಪಟ್ಟಿ ಖಾಲಿ ಬಿಡುತ್ತಿದ್ದರು, ಗಾಡಿ ಕೆಟ್ಟರೆ ನಿಲ್ಲಿಸಲು. 2006ರಲ್ಲಿ ಎಂ42ರಲ್ಲಿ ದಟ್ಟಣೆಯ ಹೊತ್ತಿಗೆ ಅಲ್ಲೂ ಗಾಡಿ ಬಿಟ್ಟರು. ಆಮೇಲೆ ಹಲವು ಕಡೆ ಆ ಪಟ್ಟಿಯನ್ನು ಕಾಯಂ ಲೇನ್ ಮಾಡಿಬಿಟ್ಟರು. ಸ್ಮಾರ್ಟ್ ಮೋಟಾರ್‌ವೇ ಅಂತ ಹೆಸರು. ಅಂಥ ಕಡೆ ಗಾಡಿ ಕೆಟ್ಟು, ತುರ್ತು ನಿಲುಗಡೆ ಜಾಗ ತಲುಪಲು ಆಗದೇ ಹೋದರೆ, ಓಡುವ ಲೇನ್‌ನಲ್ಲೇ ನಿಲ್ಲಬೇಕು. ಹಾಗೆ ನಿಂತವರು ಸತ್ತಿದ್ದಾರೆ. ಜನರ ಆಕ್ರೋಶಕ್ಕೆ 2023ರ ಏಪ್ರಿಲ್‌ನಲ್ಲಿ ಸರ್ಕಾರ ಹೊಸ ಸ್ಮಾರ್ಟ್ ಮೋಟಾರ್‌ವೇ ಮಾಡುವುದನ್ನೇ ಕೈಬಿಟ್ಟಿತು. ಇರುವವು ಹಾಗೇ ಇವೆ.

ಅದಕ್ಕೇ ನಾನು ಆ ಕೆಂಪು ಉಂಗುರವನ್ನು ಇಷ್ಟು ನಂಬುವುದು. ಖಾಲಿ ರಸ್ತೆಯ 50 ಹತ್ತು ಸಲ ಸುಮ್ನೆ ಅನ್ನಿಸಬಹುದು. ಹನ್ನೊಂದನೇ ಸಲ ಮುಂದೆ ಒಂದು ಸಂಸಾರ ಕಾರು ಕೆಟ್ಟು ನಿಂತಿರಬಹುದು. ಲೇನ್ ಮೇಲೆ ಕೆಂಪು ಎಕ್ಸ್ ಬಂದರಂತೂ ಆ ಲೇನ್ ಮುಚ್ಚಿದೆ ಅಂತಲೇ. 2019ರಿಂದ ಅದನ್ನೂ ಕ್ಯಾಮರಾ ಹಿಡಿಯುತ್ತದೆ. ಎಕ್ಸ್ ಕೆಳಗೆ ನುಗ್ಗುವವರನ್ನು ನಾನು ಕ್ಷಮಿಸಲಾರೆ.

ಆದರೆ ಜನ ನಂಬಬೇಕು ಅಂದರೆ ವ್ಯವಸ್ಥೆಯೂ ನಂಬಿಕೆ ಉಳಿಸಿಕೊಳ್ಳಬೇಕು, ಅಲ್ವಾ? 2025ರ ಡಿಸೆಂಬರ್‌ನಲ್ಲಿ ಒಂದು ಸುದ್ದಿ ಬಂತು. ಬೋರ್ಡಿನ ಅಂಕಿ ಬದಲಾದರೂ ಕೆಲವು ಕ್ಯಾಮರಾಗಳಿಗೆ ಅದು ತಡವಾಗಿ ತಲುಪಿ, ತಪ್ಪು ಮಾಡದವರೂ ಸಿಕ್ಕಿಬಿದ್ದಿದ್ದರು. ರಸ್ತೆ ನೋಡಿಕೊಳ್ಳುವ ನ್ಯಾಷನಲ್ ಹೈವೇಸ್ ಅದನ್ನು ಒಪ್ಪಿಕೊಂಡಿತು. ಒಟ್ಟು ಲೆಕ್ಕದಲ್ಲಿ ಅದು ಚಿಕ್ಕ ಪಾಲು ಅನ್ನಬಹುದು. ಪಾಯಿಂಟ್ ಬಿದ್ದವರಿಗೆ ಅದು ಚಿಕ್ಕದಲ್ಲ.

ಭಾವನಿಗೆ ನಮ್ಮ ಬೆಂಗಳೂರು–ಮೈಸೂರು ಹೆದ್ದಾರಿ ನೆನಪಾಯಿತು. ಅಲ್ಲಿ ಮಿತಿ ಹಗಲು ರಾತ್ರಿ ಒಂದೇ, 100 ಕಿಲೋಮೀಟರ್. 2024ರ ಆಗಸ್ಟ್‌ನಿಂದ 130 ದಾಟಿದರೆ ಎಫ್‌ಐಆರ್ ಅಂತಲೂ ಆಯಿತು. "ಕ್ಯಾಮರಾ ಹತ್ರ ಎಲ್ರೂ ಸಾಧುಗಳು. ದಾಟುತ್ಲೂ ಮತ್ತೆ ಅದೇ ಓಟ" ಅಂದರು. ಇಲ್ಲೂ ಅದೇ ಚಾಳಿ ಇದೆ. ಹಾಗಾಗಿ ಕಾಮಗಾರಿ ನಡೆಯುವ ಕಡೆ ಸರಾಸರಿ ವೇಗದ ಕ್ಯಾಮರಾ ಇಡುತ್ತಾರೆ. ಒಂದು ಕಂಬದಿಂದ ಇನ್ನೊಂದಕ್ಕೆ ಎಷ್ಟು ಹೊತ್ತಿನಲ್ಲಿ ಬಂದಿರಿ ಅಂತ ನಂಬರ್ ಪ್ಲೇಟ್ ನೋಡಿ ಲೆಕ್ಕ ಹಾಕುತ್ತವೆ. ಕಂಬದ ಹತ್ತಿರ ಬ್ರೇಕ್ ಒತ್ತಿ ಲಾಭವಿಲ್ಲ. ಬೈದುಕೊಂಡಿದ್ದ ಆ ಟ್ಯಾಕ್ಸಿಯವರೂ ಇದು ನ್ಯಾಯ ಅಂದರು.

ಟ್ಯಾಕ್ಸಿಯವರು, ಲಾರಿಯವರು ಇಬ್ಬರೂ ಕೇಳಿದ್ದು ಒಂದೇ: ಅಂಕಿಯ ಜೊತೆ ಕಾರಣವನ್ನೂ ತೋರಿಸಿ. ಮುಂದೆ ಸಾಲು ಇದೆ, ಗಾಡಿ ಕೆಟ್ಟಿದೆ, ಏನೋ ಒಂದು. ಆ ದೊಡ್ಡ ಬೋರ್ಡುಗಳಲ್ಲಿ ಅಕ್ಷರ ಬರೆಯುವ ಸೌಲಭ್ಯ ಈಗಲೇ ಇದೆ. ಎಷ್ಟೋ ಸಲ ಬರೆಯುತ್ತಾರೆ ಕೂಡ. ಪ್ರತಿ ಸಲವೂ ಬರೆಯಬೇಕು ಅಂತ ನಾನೂ ಕೇಳುತ್ತೇನೆ.

ಊರಿನಿಂದ ಬಂದು ಇಲ್ಲಿ ಕಾರು ಬಾಡಿಗೆಗೆ ತೆಗೆದುಕೊಳ್ಳುವವರು ಇದನ್ನು ಗಮನಿಸಿ. ನಮ್ಮ ಲೈಸೆನ್ಸ್‌ನಲ್ಲೇ 12 ತಿಂಗಳವರೆಗೆ ಓಡಿಸಬಹುದು. ಕ್ಯಾಮರಾ ಹಿಡಿದರೆ ನೋಟಿಸ್ ಮೊದಲು ಬಾಡಿಗೆ ಕಂಪನಿಗೆ ಹೋಗುತ್ತದೆ, ಅವರು ನಿಮ್ಮ ಹೆಸರು ವಿಳಾಸ ಕೊಡುತ್ತಾರೆ. ಆ ಕೆಲಸಕ್ಕೆ ಸಾಮಾನ್ಯವಾಗಿ ಬೇರೆ ಶುಲ್ಕ ಹಾಕುತ್ತಾರೆ, ದಂಡದಲ್ಲಿ ಅದು ಸೇರಿರುವುದಿಲ್ಲ. ಕಾರು ತೆಗೆದುಕೊಳ್ಳುವಾಗಲೇ ಎಷ್ಟು ಅಂತ ಕೇಳಿಕೊಳ್ಳಿ.