ಹಾಡು ಬಾಯಿಪಾಠ ಆಯ್ತು, ಕಥೆ ತಿಳೀತಾ?

ಸಂಡೇ ಸ್ಕೂಲ್ ಶಿಕ್ಷಕರಿಗೆಲ್ಲ ನಮಸ್ಕಾರ. ಕ್ರಿಸ್‌ಮಸ್ ಹತ್ತಿರ ಬಂತು. ಕ್ಯಾರಲ್, ಅಂದರೆ ಕ್ರಿಸ್‌ಮಸ್ ಹಾಡುಗಳ ಪ್ರಾಕ್ಟೀಸ್ ಕೆಲವು ಚರ್ಚುಗಳಲ್ಲಿ ಶುರುವಾಗಿರುತ್ತದೆ, ಉಳಿದ ಕಡೆ ಇನ್ನೇನು ಶುರುವಾಗುತ್ತದೆ. ಮಕ್ಕಳಿಗೆ ರಾಗ ಬೇಗ ಹಿಡಿಯುತ್ತದೆ, ಅದರ ಚಿಂತೆ ಬೇಡ. ಆದರೆ ಸೊಗಸಾಗಿ ಹಾಡಿದ ಮಗುವನ್ನು ಪಕ್ಕಕ್ಕೆ ಕರೆದು "ಈ ಹಾಡಲ್ಲಿ ಏನಾಯ್ತು ಹೇಳು ಪುಟ್ಟಾ" ಅಂತ ಕೇಳಿ ನೋಡಿ. ಎಷ್ಟೋ ಸಲ ಉತ್ತರ ಬರುವುದಿಲ್ಲ. ಹಾಡು ಬಂದಿದೆ, ಕಥೆ ಬಂದಿಲ್ಲ. ಇವತ್ತು ನನಗೆ ಹೇಳಬೇಕಾಗಿರುವುದು ಇದರ ಬಗ್ಗೆಯೇ.

ಹಾಡಿನ ಮೂಲಕ ಯೇಸು ಹುಟ್ಟಿದ ಈ ಕಥೆ ಹೇಳುವುದು ನಾವು ಕಂಡುಹಿಡಿದ ಉಪಾಯವಲ್ಲ. ಬೈಬಲ್‌ನಲ್ಲಿ ಲೂಕನ ಸುವಾರ್ತೆಯ ಮೊದಲ ಎರಡು ಅಧ್ಯಾಯ ತೆಗೆದು ನೋಡಿ, ನಾಲ್ಕು ಹಾಡುಗಳಿವೆ. ಬಂಧು ಎಲಿಸಬೇತಳ ಮನೆಯಲ್ಲಿ ಯೇಸುವಿನ ತಾಯಿ ಮರಿಯಳ ಹಾಡು, ಮಾತು ಬಾರದೆ ತಿಂಗಳುಗಟ್ಟಲೆ ಇದ್ದ ಎಲಿಸಬೇತಳ ಗಂಡ ಜಕರೀಯನಿಗೆ ಬಾಯಿ ಬಂದಾಗಿನ ಹಾಡು, ಕುರುಬರ ಮುಂದೆ ದೇವದೂತರ ಸ್ತೋತ್ರ, ದೇವಾಲಯದಲ್ಲಿ ಕೂಸನ್ನು ಕೈಗೆ ತೆಗೆದುಕೊಂಡ ಮುದುಕ ಸಿಮೆಯೋನನ ಹಾಡು. ಪ್ರತಿ ಹಾಡನ್ನೂ ಯಾರು ಹಾಡುತ್ತಿದ್ದಾರೆ, ಯಾವ ಸಂದರ್ಭದಲ್ಲಿ ಅನ್ನುವುದನ್ನು ಲೂಕ ಸ್ಪಷ್ಟವಾಗಿ ಹೇಳುತ್ತಾನೆ. ನಾವು ಕಲಿಸುವಾಗ ಬಿಟ್ಟುಹೋಗುವುದು ಅದೇ ಅಲ್ವಾ?

ಹಾಗಾಗಿ ನಾನು ಪ್ರತಿ ಚರಣಕ್ಕೂ ಮಕ್ಕಳನ್ನು ಕೇಳುವುದು ಒಂದೇ ಪ್ರಶ್ನೆ: ಇದನ್ನು ಹೇಳ್ತಿರೋದು ಯಾರು, ಯಾರಿಗೆ?

ಕುರುಬರ ಹಾಡನ್ನೇ ತೆಗೆದುಕೊಳ್ಳಿ. ರಾತ್ರಿ ಕುರಿ ಕಾಯುತ್ತಾ ನೆಲದ ಮೇಲೆ ಕೂತ ಕುರುಬರ ಬಗ್ಗೆ ನಹೂಮ್ ಟೇಟ್ ಬರೆದ ಇಂಗ್ಲಿಷ್ ಹಾಡು 1700ರಲ್ಲಿ ಅಚ್ಚಾಯಿತು. ಅದು ಲೂಕ ಎರಡನೇ ಅಧ್ಯಾಯದ 8ರಿಂದ 14ನೇ ವಚನಗಳನ್ನು ಹೆಚ್ಚುಕಡಿಮೆ ಸಾಲು ಸಾಲಾಗಿ ಪದ್ಯ ಮಾಡಿದ ಹಾಡು. ಸಣ್ಣ ಮಕ್ಕಳಿಗೆ ಮೊದಲು ಕಲಿಸಲು ಇದಕ್ಕಿಂತ ಒಳ್ಳೆಯದು ನನಗೆ ಕಂಡಿಲ್ಲ. ಮೊದಲ ಚರಣ ಕಥೆ ಹೇಳುವವನದು. ಆಮೇಲೆ ದೇವದೂತ ಮಾತಾಡುತ್ತಾನೆ. ಕೊನೆಯಲ್ಲಿ ಪರಲೋಕದ ದೊಡ್ಡ ಗುಂಪು. ನಾನು ಮಕ್ಕಳನ್ನೆಲ್ಲ ನೆಲದ ಮೇಲೆ ಒತ್ತೊತ್ತಾಗಿ ಕೂರಿಸುತ್ತೇನೆ, ಒಬ್ಬರನ್ನು ಬೆಂಚಿನ ಮೇಲೆ ನಿಲ್ಲಿಸುತ್ತೇನೆ, ದೂತನ ಚರಣ ಆ ಮಗು ಒಂದೇ ಹಾಡಬೇಕು, "ಹೆದರಬೇಡಿರಿ" ಅನ್ನುವ ಮಾತು ಕೆಳಗೆ ಕೂತವರ ಮುಖ ನೋಡಿಯೇ ಹೇಳಬೇಕು. ಹಾಗೆ ಒಮ್ಮೆ ಹಾಡಿದ ಮೇಲೆ ಮಕ್ಕಳಿಂದ ಪ್ರಶ್ನೆಗಳು ಬರಲು ಶುರುವಾಗುತ್ತವೆ. ಒಬ್ಬ ಹುಡುಗ ಕೇಳಿದ: "ಇವರೆಲ್ಲ ಬೇತ್ಲೆಹೇಮಿಗೆ ಹೋದ್ರೆ ಕುರಿ ಯಾರು ನೋಡ್ಕೊಂಡ್ರು ಟೀಚರ್?" ಬೈಬಲ್ ಅದನ್ನು ಹೇಳುವುದಿಲ್ಲ. ಹೇಳುವುದಿಲ್ಲ ಅಂತಲೇ ನಾನು ಅವನಿಗೆ ಹೇಳಿದೆ. ಆದರೆ ಆ ಪ್ರಶ್ನೆ ಕೇಳಿದ ಹುಡುಗ ಕಥೆಯ ಒಳಗೆ ಹೋಗಿ ನಿಂತಿದ್ದಾನೆ, ಅದು ಮುಖ್ಯ.

ಉತ್ತರ ಕರ್ನಾಟಕದ ಕಡೆಯಿಂದ ಬಂದಿರುವ ಶಿಕ್ಷಕರಿಗೆ ಇಲ್ಲಿ ಒಂದು ಅನುಕೂಲ ಇದೆ. ಸುಗ್ಗಿ ಮುಗಿದ ಹೊಲದಲ್ಲಿ ರಾತ್ರಿ ಕುರಿ ನಿಲ್ಲಿಸಿ, ಕಂಬಳಿ ಹೊದ್ದು ಕಾವಲು ಕೂತವರನ್ನು ನಿಮ್ಮ ಮಕ್ಕಳು ಕಣ್ಣಾರೆ ಕಂಡಿರುತ್ತಾರೆ. ಚಳಿ, ನಾಯಿ ಬೊಗಳುವ ಸದ್ದು, ತೋಳದ ಭಯ, ಊರಿನವರು ಬೆಚ್ಚಗೆ ಮಲಗಿರುವಾಗ ಊರಾಚೆ ಎಚ್ಚರ ಇರುವವರು. ದೇವರ ಸುದ್ದಿ ಮೊದಲು ಅಂಥವರಿಗೆ ಬಂತು ಅನ್ನುವುದು ಆ ಮಕ್ಕಳಿಗೆ ಥಟ್ಟನೆ ಹೊಳೆಯುತ್ತದೆ. ಹತ್ತಿಯಲ್ಲಿ ಮಾಡಿದ ಹಿಮ ಅವರಿಗೆ ಬೇಕಿಲ್ಲ.

ಯಾರು ಹಾಡುತ್ತಿದ್ದಾರೆ ಅನ್ನುವ ಈ ದಾರಿಯನ್ನು ನನಗೆ ತೋರಿಸಿದ್ದು ಜರ್ಮನಿಯ ಧರ್ಮ ಸುಧಾರಕ ಮಾರ್ಟಿನ್ ಲೂಥರ್. ಅವನು ತನ್ನ ಮನೆಯ ಮಕ್ಕಳಿಗಾಗಿ ಒಂದು ಕ್ರಿಸ್‌ಮಸ್ ಹಾಡು ಬರೆದ, 1535ರಲ್ಲಿ ಅಚ್ಚಾಯಿತು. ಹದಿನೈದು ಚರಣದ ಉದ್ದದ ಹಾಡು. ಮೊದಲ ಚರಣಗಳು ದೇವದೂತನ ಮಾತು: ಪರಲೋಕದಿಂದ ಬಂದಿದ್ದೇನೆ, ಒಳ್ಳೇ ಸುದ್ದಿ ತಂದಿದ್ದೇನೆ. ಆಮೇಲೆ ಮಾತು ಬದಲಾಗುತ್ತದೆ, ಬನ್ನಿ ನಾವೂ ಕುರುಬರ ಜೊತೆ ಒಳಗೆ ಹೋಗೋಣ ಅಂತ. ಅಲ್ಲಿಂದ ಮುಂದೆ ಹಾಡುವವರೇ ಗೋದಲಿಯ, ಅಂದರೆ ಕೂಸನ್ನು ಮಲಗಿಸಿದ ಮೇವಿನ ತೊಟ್ಟಿಯ ಮುಂದೆ ನಿಂತು ಕೂಸಿನ ಹತ್ತಿರ ಮಾತಾಡುತ್ತಾರೆ. ಎಷ್ಟು ಚೆಂದದ ಏರ್ಪಾಡು ನೋಡಿ! ಕಥೆ ಕೇಳುತ್ತಾ ಕೂತ ಮಗು ಅರ್ಧ ಹಾಡಿಗೆ ಬರುವಷ್ಟರಲ್ಲಿ ಆ ಕಥೆಯಲ್ಲೇ ಒಬ್ಬನಾಗಿರುತ್ತಾನೆ. ರಾಗಕ್ಕೂ ಲೂಥರ್ ಮೊದಲು ಬಳಸಿದ್ದು ಜನ ಹಾಡುತ್ತಿದ್ದ ಒಂದು ಆಟದ ಹಾಡಿನ ಧಾಟಿಯನ್ನೇ. ಮಕ್ಕಳಿಗೆ ಪರಿಚಯದ ರಾಗದಲ್ಲಿ ನಾವು ಎರಡು ಚರಣ ಕಟ್ಟಿದರೆ ಅದೇನೂ ತಪ್ಪಲ್ಲ ಅನ್ನುವ ಧೈರ್ಯ ನನಗೆ ಬಂದಿದ್ದು ಇದರಿಂದಲೇ.

ಸಿಸಿಲ್ ಫ್ರಾನ್ಸಿಸ್ ಅಲೆಕ್ಸಾಂಡರ್ ಎಂಬ ಐರಿಷ್ ಮಹಿಳೆ ಇನ್ನೊಂದು ದಾರಿ ಹಿಡಿದರು. ಆರಾಧನೆಯಲ್ಲಿ ಎಲ್ಲರೂ ಹೇಳುವ ವಿಶ್ವಾಸ ಪ್ರಮಾಣದ ಸಾಲುಗಳು ಮಕ್ಕಳಿಗೆ ಅರ್ಥವಾಗಲಿ ಅಂತ ಒಂದೊಂದು ಸಾಲಿಗೂ ಹಾಡು ಬರೆದು 1848ರಲ್ಲಿ ಪುಸ್ತಕ ಮಾಡಿದರು. ಕನ್ಯೆ ಮರಿಯಳಲ್ಲಿ ಹುಟ್ಟಿದನು ಅನ್ನುವ ಸಾಲಿಗೆ ಬರೆದದ್ದು ದಾವೀದನ ಊರಾದ ಬೇತ್ಲೆಹೇಮಿನ ಕೊಟ್ಟಿಗೆಯ ಹಾಡು. ಕೇಂಬ್ರಿಡ್ಜ್‌ನ ಕಿಂಗ್ಸ್ ಕಾಲೇಜಿನಲ್ಲಿ 1919ರಿಂದ ಕ್ರಿಸ್‌ಮಸ್ ಆರಾಧನೆ ಅದೇ ಹಾಡಿನಿಂದ ಶುರುವಾಗುತ್ತದೆ, ಮೊದಲ ಚರಣ ಒಬ್ಬ ಹುಡುಗ ಒಬ್ಬನೇ ಹಾಡುತ್ತಾನೆ. ನನಗೆ ಆ ಹಾಡಿನ ಮೊದಲ ಅರ್ಧ ತುಂಬಾ ಇಷ್ಟ: ಕೊಟ್ಟಿಗೆ, ತಾಯಿ, ಕೂಸು, ಅಷ್ಟೇ, ಎಲ್ಲ ಸಣ್ಣ ಸಣ್ಣ ಮಾತು. ನಡುವೆ ಮಾತ್ರ ಮಕ್ಕಳೇ ನೀವೂ ಯೇಸುವಿನ ಹಾಗೆ ವಿಧೇಯರಾಗಿರಿ ಅನ್ನುವ ಬುದ್ಧಿಮಾತು ಬಂದುಬಿಡುತ್ತದೆ. ಆ ಚರಣವನ್ನು ನಾನು ಚಿಕ್ಕವರಿಗೆ ಕಲಿಸುವುದಿಲ್ಲ. ದೇವರು ನಮ್ಮ ಹತ್ತಿರ ಬಂದ ಅನ್ನುವ ಸಂತೋಷ ಮೊದಲು ಮನಸ್ಸಿಗೆ ಇಳಿಯಲಿ, ಬುದ್ಧಿಮಾತು ಹೇಳಲು ವರ್ಷವೆಲ್ಲ ಇದೆ.

ಹಾಡಿನಲ್ಲಿ ಇರುವುದೆಲ್ಲ ಬೈಬಲ್‌ನಲ್ಲಿ ಇಲ್ಲ. ಇದನ್ನು ಮಕ್ಕಳಿಂದ ಮುಚ್ಚಿಡಬೇಡಿ, ಅವರ ಕೈಯಲ್ಲೇ ಹುಡುಕಿಸಿ. ಗೋದಲಿಯ ಕೂಸು ಅಳುವುದೇ ಇಲ್ಲ ಅಂತ 'ಅವೇ ಇನ್ ಎ ಮೇಂಜರ್' ಹೇಳುತ್ತದೆ. ಮನೆಯಲ್ಲಿ ಪುಟ್ಟ ತಮ್ಮನೋ ತಂಗಿಯೋ ಇರುವ ಮಗು ಅದನ್ನು ನಂಬುವುದಿಲ್ಲ. ನಂಬಬೇಕಾಗಿಯೂ ಇಲ್ಲ, ಲೂಕ ಹಾಗೆ ಬರೆದಿಲ್ಲ. ಯೇಸು ಹಸಿವಾದಾಗ ಅತ್ತಿರುತ್ತಾನೆ, ಮರಿಯಳು ಎತ್ತಿಕೊಂಡಿರುತ್ತಾಳೆ ಅಂತ ಹೇಳಿ. ದೇವರು ನಿಜವಾಗಿ ಮನುಷ್ಯನಾದ ಅನ್ನುವುದಕ್ಕೆ ಮಕ್ಕಳಿಗೆ ಇದಕ್ಕಿಂತ ಸರಳವಾದ ಮಾತು ಇಲ್ಲ. ಹಾಗೇ ಕೂಸನ್ನು ನೋಡಲು ಬಂದರು ಅಂತ ಹಾಡುವ ಮೂರು ರಾಜರು. ಇನ್ನೊಂದು ಸುವಾರ್ತೆಯ ಮತ್ತಾಯನು ಮೂಡಣ ದೇಶದ ಜೋಯಿಸರು ಅನ್ನುತ್ತಾನೆ, ಎಷ್ಟು ಜನ ಅಂತ ಹೇಳುವುದಿಲ್ಲ. ಕಾಣಿಕೆ ಮೂರು: ಚಿನ್ನ, ಧೂಪ, ರಕ್ತಬೋಳ. ಅವರು ಬಂದದ್ದು ಮನೆಗೆ ಅಂತಲೂ ಬರೆದಿದೆ. ಎತ್ತು, ಕತ್ತೆಗಳ ಮಾತೇ ಲೂಕನಲ್ಲಿ ಇಲ್ಲ, ಅವು ಪ್ರವಾದಿ ಯೆಶಾಯನ ಪುಸ್ತಕದ ಮೊದಲ ಅಧ್ಯಾಯದ ವಚನದಿಂದ ನಮ್ಮ ಗೋದಲಿಗೆ ಬಂದು ನಿಂತಿವೆ. ಹಾಗಂತ ಎತ್ತು ಕತ್ತೆಗಳನ್ನು ಎತ್ತಿಡಬೇಕಾ? ಬೇಡವೇ ಬೇಡ. ಆ ವಚನ ತೆಗೆದು ಓದಿಸಿ, ಮಕ್ಕಳಿಗೆ ಪತ್ತೆದಾರಿ ಮಾಡಿದಷ್ಟು ಖುಷಿ.

ದೊಡ್ಡ ಮಕ್ಕಳಿಗೆ, ಬೇತ್ಲೆಹೇಮಿನ ಕೂಸುಗಳನ್ನು ಕೊಲ್ಲಿಸಿದ ಹೆರೋದ ರಾಜನ ಭಾಗವನ್ನೂ ಹೇಳಿ. ಹನ್ನೊಂದು ಹನ್ನೆರಡು ವರ್ಷದವರು ಅದನ್ನು ತಡೆದುಕೊಳ್ಳುತ್ತಾರೆ. ಇಂಗ್ಲೆಂಡಿನ ಕೊವೆಂಟ್ರಿ ಊರಿನಲ್ಲಿ ದರ್ಜಿಗಳ ಕಸುಬಿನ ಸಂಘದವರು ಆಡುತ್ತಿದ್ದ ನಾಟಕದಲ್ಲಿ ಬೇತ್ಲೆಹೇಮಿನ ತಾಯಂದಿರು ಹಾಡುವ ಒಂದು ಜೋಗುಳ ಇದೆ. ಹೆರೋದನ ಸೈನಿಕರು ಬರುತ್ತಿದ್ದಾರೆ, ಮಗು ಅತ್ತರೆ ಕೇಳಿಬಿಡುತ್ತದೆ. ಅದನ್ನು ಹಾಡಿಸದಿದ್ದರೂ ಪರವಾಗಿಲ್ಲ, ಕೇಳಿಸಿ. ಯೇಸುವಿನ ಮನೆಯವರು ರಾತ್ರೋರಾತ್ರಿ ಐಗುಪ್ತಕ್ಕೆ (ಈಜಿಪ್ಟಿಗೆ) ಓಡಿಹೋದರು ಅನ್ನುವುದು ಬರೀ ನಕ್ಷತ್ರದ ಅಲಂಕಾರದಲ್ಲಿ ಕಳೆದುಹೋಗಬಾರದು. ಮರಿಯಳ ಹಾಡನ್ನೂ ಇದೇ ವಯಸ್ಸಿನವರಿಗೆ ಕೊಡಿ. ಹಸಿದವರಿಗೆ ಹೊಟ್ಟೆ ತುಂಬಾ, ಐಶ್ವರ್ಯವಂತರಿಗೆ ಬರಿಗೈ ಅನ್ನುವ ಹಾಡು ಅದು. ಅವರ ಪ್ರಶ್ನೆಗಳಿಗೆ ನೀವು ತಯಾರಾಗಿ ಬನ್ನಿ.

ಭಾಷೆಯ ವಿಷಯಕ್ಕೆ ಬರುತ್ತೇನೆ. ಮನೆಯಲ್ಲಿ ಕನ್ನಡ ಆಡುವ ಮಕ್ಕಳಿಗೆ ಕಾರ್ಯಕ್ರಮದ ದಿನ ಬರೀ ಇಂಗ್ಲಿಷ್ ಹಾಡು ಹಾಡಿಸುವುದು ಈಗ ಜಾಸ್ತಿಯಾಗಿದೆ. ಹಾಡಲಿ, ಬೇಡ ಅನ್ನುವುದಿಲ್ಲ. ಆದರೆ ಕಥೆ ಕಲಿಯುವ ಹಾಡು ಅವರು ಜಗಳ ಆಡುವ, ಅಮ್ಮನನ್ನು ಕರೆಯುವ ಭಾಷೆಯಲ್ಲೇ ಇರಬೇಕು. ಕನ್ನಡಕ್ಕೆ ನಿಘಂಟು ಕೊಟ್ಟ ಫರ್ಡಿನಾಂಡ್ ಕಿಟ್ಟೆಲ್ ಅವರು 1862ರಲ್ಲೇ ಯೇಸುವಿನ ಕಥೆಯನ್ನು ಕನ್ನಡ ಛಂದಸ್ಸಿನಲ್ಲಿ 'ಕಥಾಮಾಲೆ' ಎಂದು ಬರೆದು ಪ್ರಕಟಿಸಿದರು. ಜರ್ಮನಿಯಿಂದ ಬಂದವರಿಗೇ ಅಷ್ಟು ಕಾಳಜಿ ಇತ್ತು.

ಇರುವ ಹಾಡು ಹೊಂದದಿದ್ದರೆ ನೀವೇ ಬರೆಯಿರಿ. ಫಿಲಿಪ್ಸ್ ಬ್ರೂಕ್ಸ್ ಎಂಬ ಅಮೆರಿಕದ ಪಾದ್ರಿ 1865ರ ಕ್ರಿಸ್‌ಮಸ್ ಹಿಂದಿನ ದಿನ ಕುದುರೆ ಏರಿ ಯೆರೂಸಲೇಮಿನಿಂದ ಬೇತ್ಲೆಹೇಮಿಗೆ ಹೋಗಿದ್ದರು. ಮೂರು ವರ್ಷದ ಮೇಲೆ, ಫಿಲಡೆಲ್ಫಿಯಾದ ತಮ್ಮ ಸಂಡೇ ಸ್ಕೂಲ್ ಮಕ್ಕಳಿಗಾಗಿ ಆ ಪುಟ್ಟ ಊರಿನ ಬಗ್ಗೆ ಹಾಡು ಬರೆದರು. ಅದೇ ಚರ್ಚಿನಲ್ಲಿ ಆರ್ಗನ್ ನುಡಿಸುತ್ತಿದ್ದ ಲೂಯಿಸ್ ರೆಡ್ನರ್ ರಾಗ ಹಾಕಿದರು. ಇವತ್ತು ಲೋಕವೆಲ್ಲ ಹಾಡುವ ಹಾಡು ಮೊದಲು ಒಂದು ಸಭೆಯ ಮಕ್ಕಳಿಗೆ ಬೇಕು ಅಂತ ಹುಟ್ಟಿದ್ದು. ವಾದ್ಯ ಇಲ್ಲ ಅಂತಲೂ ಹಿಂಜರಿಯಬೇಡಿ. 'ಸೈಲೆಂಟ್ ನೈಟ್' 1818ರಲ್ಲಿ ಆಸ್ಟ್ರಿಯಾದ ಒಬರ್ನ್‌ಡಾರ್ಫ್‌ನಲ್ಲಿ ಮೊದಲು ಹಾಡಿದಾಗ ಜೊತೆಗಿದ್ದದ್ದು ಒಂದು ಗಿಟಾರ್. ರಾಗ ಹಾಕಿದ ಗ್ರೂಬರ್ ಪಕ್ಕದ ಹಳ್ಳಿಯ ಶಾಲಾ ಮೇಷ್ಟ್ರು.

ಈಗ ನಿಮ್ಮ ಗೀತಾವಳಿ ತೆಗೆಯಿರಿ. ಕ್ರಿಸ್‌ಮಸ್ ಹಾಡುಗಳಲ್ಲಿ ಒಂದನ್ನು ಆರಿಸಿ, ಪಕ್ಕದವರ ಜೊತೆ ಸೇರಿ ಪ್ರತಿ ಚರಣದ ಅಂಚಿನಲ್ಲಿ ಪೆನ್ಸಿಲ್ಲಿನಿಂದ ಬರೆಯಿರಿ: ಯಾರು, ಯಾರಿಗೆ. ಉತ್ತರ ಸಿಗದ ಚರಣಕ್ಕೆ ಒಂದು ಗೀಟು ಹಾಕಿ. ಊಟಕ್ಕೆ ಮುಂಚೆ ಆ ಗೀಟು ಹಾಕಿದ ಚರಣಗಳನ್ನೇ ಒಟ್ಟಿಗೆ ಓದೋಣ.