ರಾಶಿ ಎಲ್ಲಿ ಬಿದ್ದಿದೆ ನೋಡಿ

ಕೇಳುಗರಿಗೆಲ್ಲ ನಮಸ್ಕಾರ. ಸಣ್ಣ ವ್ಯಾಪಾರದಲ್ಲಿ ದಿನನಿತ್ಯದ ಕೆಲಸ ಸಲೀಸು ಮಾಡಿಕೊಳ್ಳುವುದು ಹೇಗೆ ಅಂತ ಮಾತಾಡಲು ಕರೆದಿದ್ದಾರೆ. ಹತ್ತು ಸೂತ್ರ, ಹನ್ನೆರಡು ಸೂತ್ರ ಅಂತ ಪಟ್ಟಿ ಕೊಡುವವರು ಬೇಕಾದಷ್ಟು ಜನ ಇದ್ದಾರೆ. ನನ್ನ ಹತ್ತಿರ ಇರುವುದು ಒಂದೇ ಮಾತು. ನಿಮ್ಮ ಅಂಗಡಿಯಲ್ಲಿ ಕೆಲಸ ಎಲ್ಲಿ ರಾಶಿ ಬೀಳುತ್ತದೆ ನೋಡಿ. ಮೊದಲು ಅಲ್ಲಿ ಕೈ ಹಾಕಿ. ಉಳಿದದ್ದು ಆಮೇಲೆ.

ಯಾರಿಗೆ ಹೇಳುತ್ತಿದ್ದೇನೆ ಅಂದರೆ, ನಾಲ್ಕೈದು ಜನರನ್ನು ಕೆಲಸಕ್ಕೆ ಇಟ್ಟುಕೊಂಡು ತಾವೂ ಅವರ ಜೊತೆ ನಿಂತು ದುಡಿಯುವವರಿಗೆ. ಬೆಳಗ್ಗೆಯಿಂದ ಯಾರೂ ಸುಮ್ನೆ ಕೂತಿರುವುದಿಲ್ಲ, ಎಲ್ಲರೂ ಓಡಾಡುತ್ತಲೇ ಇರುತ್ತಾರೆ, ಆದರೂ ಸಂಜೆ ಗಿರಾಕಿ ಬಂದು ಬೈದು ಹೋಗುತ್ತಾರೆ. ನಿಮ್ಮದೂ ಇದೇ ಕಥೆ ಅಲ್ವಾ?

ದಾವಣಗೆರೆಯ ಒಂದು ಹೊಲಿಗೆ ಅಂಗಡಿಯ ವಿಷಯ ಹೇಳುತ್ತೇನೆ. ಒಬ್ಬ ಅಕ್ಕ ನಡೆಸುವ ಅಂಗಡಿ. ಬ್ಲೌಸು, ಚೂಡಿದಾರ, ಜೊತೆಗೆ ಸೀರೆಗೆ ಫಾಲ್ಸು, ಪೀಕೋ. ಹೊಲಿಯುವವರು ನಾಲ್ಕು ಜನ, ಹುಕ್ಕು ಕಟ್ಟಿ ಕೈಹೊಲಿಗೆ ಹಾಕಲು ಇಬ್ಬರು, ಕೌಂಟರಿನಲ್ಲಿ ಒಬ್ಬ ಹುಡುಗಿ, ಕಟಿಂಗಿಗೆ ಒಬ್ಬರೇ ಹಿರಿಯ ಮಾಸ್ಟರು. ಮದುವೆ ಸೀಸನ್ ಬಂತು ಅಂದರೆ ಜಗಳ. ಸೋಮವಾರ ಕೊಡುತ್ತೇವೆ ಅಂದದ್ದು ಶುಕ್ರವಾರಕ್ಕೂ ಆಗಿರುವುದಿಲ್ಲ. ನಾನು ಕಾಲೇಜಿನಲ್ಲಿ ಇಂಡಸ್ಟ್ರಿಯಲ್ ಇಂಜಿನಿಯರಿಂಗ್, ಅಂದರೆ ಕೆಲಸ ಸಲೀಸಾಗಿ ಸಾಗುವಂತೆ ಜೋಡಿಸುವ ವಿದ್ಯೆ, ಪಾಠ ಮಾಡಿದವನು ಅಂತ ಅವರಿಗೆ ಗೊತ್ತಿತ್ತು. ಅದಕ್ಕೇ ಕೇಳಿದರು: "ಸರ್, ಇನ್ನೊಂದು ಪವರ್ ಮಷೀನ್ ತಗೊಂಡ್ರೆ ಸರಿ ಹೋಗ್ತದಲ್ಲ? ಸಾಲ ಕೇಳಿ ಇಟ್ಟೀನಿ."

ತಗೋಬೇಡಿ ಅಂದೆ. ಮೊದಲು ನಿಮ್ಮ ಅಂಗಡಿಯಲ್ಲಿ ಸ್ವಲ್ಪ ಹೊತ್ತು ಕೂತು ನೋಡುತ್ತೇನೆ ಅಂದೆ.

ನೋಡಿದರೆ ಇರುವ ನಾಲ್ಕು ಮಷೀನಿನಲ್ಲಿ ಎರಡು ನಿಂತಿದ್ದವು! ಹೊಲಿಯುವವರು ದಾರ ಸುತ್ತುತ್ತಾ, ಹಳೇ ಬ್ಲೌಸು ಬಿಚ್ಚುತ್ತಾ ಹೊತ್ತು ಕಳೆಯುತ್ತಿದ್ದರು. ಯಾಕೆ ಅಂದರೆ "ಮಾಸ್ಟರು ಇನ್ನೂ ಕಟ್ ಮಾಡಿಲ್ಲ." ಮಾಸ್ಟರ ಮೇಜಿನ ಪಕ್ಕ ಬಟ್ಟೆಯ ಗುಡ್ಡೆ, ಮೊಣಕಾಲೆತ್ತರ. ರಾಶಿ ಬಿದ್ದದ್ದು ಅಲ್ಲಿ. ಅಲ್ಲಿ ರಾಶಿ ಇರುವಾಗ ಐದನೇ ಮಷೀನು ತಂದರೆ ಏನಾಗುತ್ತದೆ? ನಿಂತ ಮಷೀನು ಎರಡಿದ್ದದ್ದು ಮೂರಾಗುತ್ತದೆ, ಸಾಲದ ಕಂತು ಬೇರೆ.

ಹಾಗಾದರೆ ಮಾಸ್ಟರು ಸೋಮಾರಿಯಾ? ಖಂಡಿತ ಅಲ್ಲ. ಆ ಕೈಯಲ್ಲಿ ಕತ್ತರಿ ಓಡುವುದು ನೋಡಬೇಕು ನೀವು. ಆದರೆ ಕತ್ತರಿ ಹಿಡಿಯಲು ಅವರನ್ನು ಯಾರು ಬಿಡುತ್ತಾರೆ? ಗಿರಾಕಿ ಬಂದರೆ ಅಳತೆಗೆ ಏಳಬೇಕು. ಇನ್ನೊಬ್ಬರು ಟ್ರಯಲ್‌ಗೆ ಬಂದರೆ ಮತ್ತೆ ಏಳಬೇಕು. ಒಂದು ಬ್ಲೌಸು ಕೈಗೆ ತಗೊಂಡರೆ ಅಳತೆ ಬ್ಲೌಸು ಬೇರೆ ಕವರಿನಲ್ಲಿ. ಅದು ಸಿಕ್ಕಿದರೆ ಚೀಟಿಯಲ್ಲಿ ಹಿಂದಿನ ಕುತ್ತಿಗೆ ಎಷ್ಟು ಆಳ ಅಂತ ಬರೆದಿಲ್ಲ, ಫೋನ್ ಮಾಡಿ ಕೇಳಬೇಕು, ಆ ಕಡೆಯವರು ಫೋನ್ ಎತ್ತುವುದಿಲ್ಲ. ಅದೂ ಆಯಿತು ಅಂದರೆ ಕಾಟನ್ ಲೈನಿಂಗು ನೆನೆಸಿಯೇ ಇಲ್ಲ. ನೆನೆಸಿ ಒಣಗಿಸದೆ ಕಟ್ ಮಾಡಿದರೆ ಮೊದಲ ಒಗೆತಕ್ಕೇ ಲೈನಿಂಗು ಕುಗ್ಗಿ ಬ್ಲೌಸು ಮುದುಡಿಕೊಳ್ಳುತ್ತದೆ, ಮಾಸ್ಟರು ಅದಕ್ಕೆ ಒಪ್ಪುವವರಲ್ಲ. ಆ ಬಟ್ಟೆ ಪಕ್ಕಕ್ಕೆ ಹೋಯಿತು. ಇನ್ನೊಂದು ಎತ್ತಿಕೊಂಡರು. ಅದರಲ್ಲಿ ಲೈನಿಂಗೇ ಇಲ್ಲ!

ಇದಕ್ಕೆ ನಾವು ಮಾಡಿದ್ದು ತೀರಾ ಸರಳ. ಆರ್ಡರ್ ತಗೊಳ್ಳುವಾಗಲೇ ಕೌಂಟರಿನ ಹುಡುಗಿ ಎಲ್ಲ ಕೇಳಿ ಬರೆಯಬೇಕು: ಮುಂದಿನ ಕುತ್ತಿಗೆ, ಹಿಂದಿನ ಕುತ್ತಿಗೆ, ತೋಳಿನ ಉದ್ದ, ಹುಕ್ಕು ಮುಂದೋ ಹಿಂದೋ, ಡೋರಿ ಬೇಕೋ ಬೇಡವೋ. ಬ್ಲೌಸು ಪೀಸು, ಅಳತೆ ಬ್ಲೌಸು, ಲೈನಿಂಗು, ಚೀಟಿ, ನಾಲ್ಕೂ ಒಂದೇ ಪ್ಲಾಸ್ಟಿಕ್ ಕವರಿನಲ್ಲಿ. ಲೈನಿಂಗು ಬಂದ ದಿನವೇ ನೀರಿಗೆ. ನಾಲ್ಕೂ ಇದ್ದರೆ ಮಾತ್ರ ಕವರು ಮಾಸ್ಟರ ಮೇಜಿಗೆ ಹೋಗಬೇಕು, ಇಲ್ಲದಿದ್ದರೆ ಕೌಂಟರಿನಲ್ಲೇ ಇರಲಿ. ಅಳತೆ ತಗೊಳ್ಳುವುದನ್ನು ಹೊಲಿಯುವವರಲ್ಲಿ ಒಬ್ಬರು ಕಲಿತರು. ಟ್ರಯಲ್ ಸಂಜೆ ಐದರ ಮೇಲೆ ಮಾತ್ರ. ಅಷ್ಟೇ. ಮಾಸ್ಟರು ಕೂತಲ್ಲಿಂದ ಏಳುವುದು ಊಟಕ್ಕೆ ಮತ್ತು ಚಹಾಕ್ಕೆ. ನಿಂತಿದ್ದ ಮಷೀನುಗಳು ಓಡತೊಡಗಿದವು, ಸಾಲದ ಅರ್ಜಿ ಹಾಗೇ ಉಳಿಯಿತು. ಕೌಂಟರಿನ ಹುಡುಗಿಗೆ ಕೆಲಸ ಜಾಸ್ತಿಯಾಯಿತು, ನಿಜ. ಅಕ್ಕ ಅವಳ ಸಂಬಳವನ್ನೂ ಜಾಸ್ತಿ ಮಾಡಿದರು. ಅದನ್ನು ಮಾಡಲೇಬೇಕು, ಮರೆಯಬೇಡಿ.

ಇದು ನನ್ನ ಬುದ್ಧಿವಂತಿಕೆ ಏನಲ್ಲ. ನೂರು ವರ್ಷಕ್ಕೂ ಹಿಂದೆ ಅಮೆರಿಕದಲ್ಲಿ ಫ್ರ್ಯಾಂಕ್ ಗಿಲ್‌ಬ್ರೆತ್ ಅಂತ ಒಬ್ಬರಿದ್ದರು. ಸ್ವತಃ ಇಟ್ಟಿಗೆ ಕಟ್ಟುವ ಕೆಲಸ ಕಲಿತವರು. ಗಾರೆಯವನು ಒಂದೊಂದು ಇಟ್ಟಿಗೆಗೂ ನೆಲಕ್ಕೆ ಬಗ್ಗಿ, ಆರಿಸಿ, ತಿರುಗಿಸಿ ನೋಡಿ ಇಡುವುದನ್ನು ಗಮನಿಸಿದರು. ಇಟ್ಟಿಗೆಯನ್ನು ಸೊಂಟದೆತ್ತರಕ್ಕೆ ತಂದರು. ಒಳ್ಳೆಯ ಮುಖ ಆರಿಸಿ ಜೋಡಿಸಿಡಲು ಒಬ್ಬ ಕೂಲಿಯವನನ್ನು ಇಟ್ಟರು. ಒಂದು ಇಟ್ಟಿಗೆಗೆ 18 ಸಲ ಮೈ ಕೈ ಆಡಿಸಬೇಕಿದ್ದದ್ದು 5ಕ್ಕೆ ಇಳಿಯಿತು. ಪಳಗಿದ ಕೈ ಹುಡುಕಾಡಬಾರದು, ಹುಡುಕಾಟ ಏನಿದ್ದರೂ ಬೇರೆಯವರು ಮೊದಲೇ ಮುಗಿಸಿರಬೇಕು. ನಮ್ಮ ಮಾಸ್ಟರ ಕವರೂ ಅದೇ ಲೆಕ್ಕ.

ಇನ್ನೊಂದು ಲೆಕ್ಕ ಹೇಳಿಬಿಡುತ್ತೇನೆ, ಇದು ನನಗೆ ಬಹಳ ಇಷ್ಟ. 1961ರಲ್ಲಿ ಜಾನ್ ಲಿಟಲ್ ಅನ್ನುವ ಪ್ರೊಫೆಸರು ಗಣಿತದಲ್ಲಿ ಸಾಧಿಸಿ ತೋರಿಸಿದ್ದು. ಅಂಗಡಿಯೊಳಗೆ 90 ಬ್ಲೌಸು ಇವೆ, ದಿನಕ್ಕೆ 9 ಹೊಲಿದು ಹೊರಗೆ ಹೋಗುತ್ತವೆ ಅಂದರೆ, ಇವತ್ತು ಒಳಗೆ ಬಂದ ಬ್ಲೌಸಿಗೆ 10 ದಿನ ಬೇಕು. 90 ಭಾಗಿಸು 9, ಮುಗಿಯಿತು. ಗಿರಾಕಿಗೆ "ನಾಳಿದ್ದು ಬನ್ನಿ" ಅನ್ನುವ ಮೊದಲು ಈ ಭಾಗಾಕಾರ ಮಾಡಿ. ಯಾರೋ ಪರಿಚಯದವರು ಅಂತ ಅವರದ್ದನ್ನು ಮಧ್ಯೆ ತೂರಿಸಿದರೆ ಉಳಿದವರೆಲ್ಲರದ್ದೂ ಅಷ್ಟು ಹಿಂದೆ ಬೀಳುತ್ತದೆ. ಮುಖದಾಕ್ಷಿಣ್ಯ ಇರಲಿ, ಬೇಡ ಅನ್ನುವುದಿಲ್ಲ, ಆದರೆ ಭಾಗಾಕಾರಕ್ಕೆ ದಾಕ್ಷಿಣ್ಯ ಇಲ್ಲ.

ಟೈಲರಿಂಗ್ ನಮಗೆ ಸಂಬಂಧವಿಲ್ಲ ಅನ್ನಬೇಡಿ. ನಿಮ್ಮದು ಬೆಣ್ಣೆದೋಸೆ ಹೋಟೆಲ್ಲಾ? ಭಾನುವಾರ ಬೆಳಗ್ಗೆ ಜನ ನಿಂತಿದ್ದಾರೆ, ಕಾವಲಿ ದೊಡ್ಡದು ಮಾಡಬೇಕು ಅಂತ ನಿಮಗೆ ಅನಿಸುತ್ತದೆ. ಒಮ್ಮೆ ಒಳಗೆ ಹೋಗಿ ತೊಳೆಯುವ ಜಾಗ ನೋಡಿ. ತಟ್ಟೆ ಅಲ್ಲಿ ರಾಶಿ ಬಿದ್ದಿದ್ದರೆ, ದೋಸೆ ಬೆಂದರೂ ಹಾಕಿಕೊಡಲು ತಟ್ಟೆ ಇಲ್ಲ. ಚಳ್ಳಕೆರೆ ಕಡೆ ಎಣ್ಣೆ ಮಿಲ್ಲಾದರೆ ಗೇಟಿನ ಮುಂದೆ ಲಾರಿ ನಿಂತಿವೆಯೋ, ಒಳಗೆ ತುಂಬದ ಡಬ್ಬಿ ಬಿದ್ದಿವೆಯೋ ನೋಡಿ. ಚನ್ನಗಿರಿಯ ಅಡಿಕೆಯವರಿಗೆ ನಾನು ಹೇಳಬೇಕಾಗಿಲ್ಲ, ಕೊಯ್ಲಿನ ಟೈಮಿನಲ್ಲಿ ಸುಲಿಯುವ ಕಡೆ ರಾಶಿ ಬಿದ್ದರೆ ಬೇಯಿಸುವ ಹಂಡೆ ಎಷ್ಟಿದ್ದರೇನು.

ಇಷ್ಟು ಹೇಳಿದ ಮೇಲೂ ಕೆಲವರು ಕೇಳುತ್ತಾರೆ: "ಸರ್, ಯಾವ ಆ್ಯಪ್ ಒಳ್ಳೇದು?" ಸ್ವಾಮಿ, ರಾಶಿ ಎಲ್ಲಿದೆ ಅಂತ ಮೊದಲು ನೋಡಿದಿರಾ? ಲೈನಿಂಗು ನೆನೆಸಿ ಕೊಡುವ ಆ್ಯಪ್ ಯಾವುದೂ ಇಲ್ಲ.

ಜಿಎಸ್‌ಟಿ ವಿಷಯ ಬೇಗ ಹೇಳುತ್ತೇನೆ. ತಿಂಗಳಿಗೊಮ್ಮೆ ರಿಟರ್ನ್ ಹಾಕುವವರಿಗೆ ಮುಂದಿನ ತಿಂಗಳ 11ಕ್ಕೆ ಮಾರಾಟದ ವಿವರ, 20ಕ್ಕೆ ತೆರಿಗೆ ಕಟ್ಟಿ 3ಬಿ ಅನ್ನುವ ರಿಟರ್ನ್. ಖರೀದಿ ಬಿಲ್ಲುಗಳನ್ನೆಲ್ಲ ಒಂದು ಚೀಲಕ್ಕೆ ತುಂಬಿ 19ರ ರಾತ್ರಿ ಲೆಕ್ಕದವರ ಆಫೀಸಿಗೆ ಓಡುವವರು ಎಷ್ಟು ಜನ ಇಲ್ಲ! ಆ ಚೀಲವೂ ರಾಶಿಯೇ. ದಿನಾ ಅಂಗಡಿ ಮುಚ್ಚುವ ಮುಂಚೆ ಅವತ್ತಿನ ಬಿಲ್ಲಿನ ಫೋಟೋ ತೆಗೆದು ಲೆಕ್ಕದವರಿಗೆ ಕಳಿಸಿಬಿಡಿ.

ಉದ್ರಿ ವಸೂಲಿ ಬಗ್ಗೆಯೂ ಬರೆದುಕೊಂಡು ಬಂದಿದ್ದೆ, ಟೈಲರ್ ಅಂಗಡಿಯೇ ಟೈಮ್ ಎಲ್ಲ ತಿಂದುಬಿಟ್ಟಿತು. ಒಂದು ಮಾತು ಮಾತ್ರ. ಉದ್ರಿ ಪುಸ್ತಕ ಒಂದೇ ಇರಲಿ. ಗಲ್ಲಾದಲ್ಲೊಂದು, ಮೊಬೈಲಿನಲ್ಲೊಂದು, ಯಜಮಾನರ ತಲೆಯಲ್ಲೊಂದು ಬೇಡ. ನಮಸ್ಕಾರ.